ಡ್ರೈನ್ ಪ್ಲಗ್ಗಿನ ಹಿಂದೆ ಒಬ್ಬ ಮನುಷ್ಯ: ಜೋಸೆಫ್ ವಿಟ್‌ವರ್ತ್

ಮನೆಯಲ್ಲೇ ಕಾರಿನ ಎಂಜಿನ್ ಆಯಿಲ್ ಬದಲಾಯಿಸುವುದು ನೋಡೋಕೆ ಬಹಳ ಸುಲಭದ ಕೆಲಸ. ಎಂಜಿನ್ ಸ್ವಲ್ಪ ಬಿಸಿ ಮಾಡಬೇಕು, ಕಾರು ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು, ಕೆಳಗೆ ಒಂದು ಟ್ರೇ ಇಡಬೇಕು, ಸಂಪ್‌ನ ತಳದಲ್ಲಿರುವ ಡ್ರೈನ್ ಪ್ಲಗ್ ಬಿಚ್ಚಬೇಕು. ಹಳೆ ಆಯಿಲ್ ಇಳಿದ ಮೇಲೆ ಪ್ಲಗ್ ಹಾಕಿ ಹೊಸ ಆಯಿಲ್ ತುಂಬಿದರೆ ಮುಗೀತು. ಹೊಸಪೇಟೆಯ ಓಣಿಗಳಲ್ಲಿ ಭಾನುವಾರ ಹೀಗೆ ಕಾರಿನ ಕೆಳಗೆ ಮಲಗಿದವರನ್ನು ನಾವೆಲ್ಲ ನೋಡಿದ್ದೀವಿ. ಕಂಪ್ಲಿ ಕಡೆ ಗದ್ದೆಯ ಬದುವಿನಲ್ಲಿ ಟ್ರ್ಯಾಕ್ಟರಿಗೆ, ಸಂಡೂರಿನ ಕೆಂಪು ಧೂಳಿನಲ್ಲಿ ಟಿಪ್ಪರ್‌ಗಳಿಗೆ ಇದೇ ಕೆಲಸ ಇನ್ನೂ ದೊಡ್ಡದಾಗಿ ನಡೆಯುತ್ತೆ.

ಆದರೆ ಈ ಇಡೀ ಕೆಲಸ ಹೆಬ್ಬೆರಳು ಗಾತ್ರದ ಒಂದು ಬೋಲ್ಟಿನ ಮೇಲೆ ನಿಂತಿದೆ. ಅದರ ತಲೆ ಸವೆದು ದುಂಡಗಾದರೆ ಪಾನಾ ಹಿಡಿಯಲ್ಲ. ಓರೆಯಾಗಿ ಹತ್ತಿಸಿದರೆ ಸಂಪ್‌ನ ಥ್ರೆಡ್ ಕೊಯ್ದುಹೋಗುತ್ತೆ. ಬಲ ಜಾಸ್ತಿ ಹಾಕಿದರೆ ಅಲ್ಯೂಮಿನಿಯಂ ಸಂಪ್‌ನ ಥ್ರೆಡ್ ಪುಡಿಯಾಗಿ ಬೋಲ್ಟಿನ ಜೊತೆಗೇ ಹೊರಗೆ ಬರುತ್ತೆ. ಪ್ಲಗ್ ಕಳೆದುಹೋಯ್ತು ಅಂತ ಅಂಗಡಿಯಿಂದ ನೋಡೋಕೆ ಅದೇ ಥರ ಇರೋ ಇನ್ನೊಂದು ತಂದರೆ, ಎರಡು ಸುತ್ತು ಹೋಗಿ ಅಲ್ಲೇ ಹಿಡಿದುಕೊಳ್ಳುತ್ತೆ. ಇವೆಲ್ಲದರ ಹಿಂದೆ ಒಂದು ಪ್ರಶ್ನೆ ಇದೆ. ಎಲ್ಲೋ ಒಂದು ಕಾರ್ಖಾನೆಯಲ್ಲಿ ಮಾಡಿದ ಬೋಲ್ಟು ಇನ್ನೆಲ್ಲೋ ಕೊರೆದ ತೂತಿಗೆ ಯಾಕೆ ಸರಿಯಾಗಿ ಕೂರಬೇಕು? ಈ ಪ್ರಶ್ನೆಗೆ ಇಡೀ ದೇಶ ಒಪ್ಪುವಂಥ ಉತ್ತರವನ್ನು ಮೊದಲು ಕೊಟ್ಟವರು ಜೋಸೆಫ್ ವಿಟ್‌ವರ್ತ್. ಈ ಸಲ ಅವರ ಜೀವನವನ್ನು ಬರೀತಾ ಇದ್ದೀವಿ.

ಬಾಲ್ಯ ಮತ್ತು ಮಾವನ ಮಿಲ್ಲು

ವಿಟ್‌ವರ್ತ್ ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನಲ್ಲಿ. ತಂದೆ ಚಾರ್ಲ್ಸ್ ಶಾಲಾ ಮೇಷ್ಟ್ರು, ಧರ್ಮಬೋಧಕರು ಕೂಡ. ಹುಡುಗನಿಗೆ ಹತ್ತು ವರ್ಷ ದಾಟುವಷ್ಟರಲ್ಲಿ ತಾಯಿ ತೀರಿಕೊಂಡರು, ಮನೆ ಚದುರಿತು. ಸ್ವಲ್ಪ ದಿನ ಲೀಡ್ಸ್ ಹತ್ತಿರದ ಒಂದು ಶಾಲೆಯಲ್ಲಿ ಓದು. ಹದಿನಾಲ್ಕನೇ ವಯಸ್ಸಿಗೆ ಡರ್ಬಿಶೈರ್‌ನಲ್ಲಿ ಹತ್ತಿ ಮಿಲ್ಲು ನಡೆಸುತ್ತಿದ್ದ ಮಾವನ ಹತ್ತಿರ ಕೆಲಸ ಕಲಿಯೋಕೆ ಕಳಿಸಿದರು. ಮುಂದೆ ಮಿಲ್ಲಿನಲ್ಲೇ ಪಾಲುದಾರ ಆಗಲಿ ಅನ್ನೋದು ಮನೆಯವರ ಲೆಕ್ಕ.

ಹುಡುಗನಿಗೆ ಬಟ್ಟೆ ವ್ಯಾಪಾರದಲ್ಲಿ ಮನಸ್ಸಿರಲಿಲ್ಲ, ಮಗ್ಗ ಓಡಿಸುವ ಯಂತ್ರದಲ್ಲಿತ್ತು. ಮಿಲ್ಲಿನ ಯಂತ್ರಗಳನ್ನು ಬಿಚ್ಚಿ ಜೋಡಿಸಿ ಎಲ್ಲ ಕಲಿತ. ಇಷ್ಟು ಒರಟಾಗಿ ಮಾಡಿದ ಭಾಗಗಳು ಹೇಗಪ್ಪಾ ಒಟ್ಟಿಗೆ ಕೆಲಸ ಮಾಡ್ತಾವೆ ಅನ್ನೋ ಅಸಮಾಧಾನ ಅವನಲ್ಲಿ ಹುಟ್ಟಿದ್ದು ಅಲ್ಲೇ. ಸುಮಾರು ನಾಲ್ಕು ವರ್ಷ ಆದ ಮೇಲೆ ಮಾವನ ಆಸ್ತಿಯ ಆಸೆ ಬಿಟ್ಟು ಮ್ಯಾಂಚೆಸ್ಟರ್‌ಗೆ ಹೋಗಿ ಸಾಮಾನ್ಯ ಮೆಕ್ಯಾನಿಕ್ ಆಗಿ ಸೇರಿಕೊಂಡ. ಮನೆಯವರು ಹಾಕಿಕೊಟ್ಟ ಬ್ರಾಂಚ್ ಬಿಟ್ಟು ತನ್ನ ಬ್ರಾಂಚ್ ತಾನೇ ಹುಡುಕಿಕೊಂಡ ಹುಡುಗ ಅಂದರೆ ನಮಗೆಲ್ಲ ಬೇಗ ಅರ್ಥ ಆಗುತ್ತೆ ಅಲ್ವಾ?

ಲಂಡನ್ ಮತ್ತು ಮೂರು ಪ್ಲೇಟುಗಳು

1825ರಲ್ಲಿ ಫ್ಯಾನಿ ಆಂಕರ್ಸ್ ಅವರನ್ನು ಮದುವೆಯಾಗಿ, ಆಮೇಲೆ ಲಂಡನ್ ಸೇರಿದರು. ಅಲ್ಲಿ ಹೆನ್ರಿ ಮಾಡ್ಸ್ಲೆ ಅವರ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಸ್ಕ್ರೂ ಕತ್ತರಿಸುವ ಲೇತ್ ಅನ್ನು ನಂಬಿಕೆಯ ಯಂತ್ರವಾಗಿ ಬೆಳೆಸಿದವರು ಇದೇ ಮಾಡ್ಸ್ಲೆ. ತಮ್ಮ ವರ್ಕ್‌ಶಾಪಿನ ಒಳಗೆ ಸ್ಕ್ರೂಗಳಿಗೆ ಒಂದು ಅಳತೆ ಇರಬೇಕು ಅಂತ ಪಟ್ಟು ಹಿಡಿದಿದ್ದರು. ಆ ಅಳತೆ ಅವರ ಗೇಟಿನಾಚೆ ನಡೀತಾ ಇರಲಿಲ್ಲ ಅಷ್ಟೇ.

ಅಲ್ಲಿದ್ದಾಗಲೇ ವಿಟ್‌ವರ್ತ್ ನಿಜವಾದ ಸಪಾಟು ಮೇಲ್ಮೈ ಮಾಡುವ ವಿಧಾನವನ್ನು ತಿದ್ದಿದರು. ಮೊದಲ ವರ್ಷ ಫಿಟ್ಟಿಂಗ್ ಲ್ಯಾಬಿನಲ್ಲಿ ಫೈಲ್ ಹಿಡಿದು ಕೈ ನೋಯಿಸಿಕೊಂಡ ನಮಗೆಲ್ಲ ಸಪಾಟು ಎಷ್ಟು ಕಷ್ಟ ಅಂತ ಗೊತ್ತು. ಎರಡು ಪ್ಲೇಟನ್ನು ಒಂದಕ್ಕೊಂದು ಹೊಂದಿಸುತ್ತಾ ಹೋದರೆ ಎರಡೂ ಸಪಾಟಾಗುತ್ತವೆ ಅನ್ನೋ ಗ್ಯಾರಂಟಿ ಇಲ್ಲ. ಒಂದು ಉಬ್ಬಿ, ಇನ್ನೊಂದು ಅದಕ್ಕೆ ತಕ್ಕಂತೆ ತಗ್ಗಿ, ಎರಡೂ ಚೆನ್ನಾಗಿ ಕೂತುಬಿಡಬಹುದು. ಮೂರನೇ ಪ್ಲೇಟು ತಂದು ಪ್ರತಿಯೊಂದನ್ನೂ ಉಳಿದ ಎರಡಕ್ಕೆ ಹೊಂದಿಸಿದರೆ ಈ ಮೋಸ ನಡೆಯಲ್ಲ. ಮೂರೂ ಒಂದಕ್ಕೊಂದು ಕೂರಬೇಕಾದರೆ ಮೂರೂ ಸಪಾಟಾಗಿಯೇ ಇರಬೇಕು. ಬಣ್ಣ ಹಚ್ಚಿ, ಉಬ್ಬಿದ ಕಡೆ ಮಾತ್ರ ಸ್ಕ್ರೇಪರಿನಿಂದ ಕೆರೆದು ತೆಗೆಯುವುದು ಅವರ ಕ್ರಮ. ಎಮರಿ ಪುಡಿ ಹಾಕಿ ಉಜ್ಜುವ ಹಳೆ ಪದ್ಧತಿಯನ್ನು ಅವರು ಒಪ್ಪಲಿಲ್ಲ. ನಮ್ಮ ಮೆಟ್ರಾಲಜಿ ಲ್ಯಾಬಿನ ಸರ್ಫೇಸ್ ಪ್ಲೇಟ್ ಈ ವಿಚಾರದ ಮೊಮ್ಮಗು.

ಇಬ್ಬರು ಮಾತ್ರ ಒಪ್ಪಿದರೆ ಇಬ್ಬರೂ ತಪ್ಪಿರಬಹುದು, ಮೂರನೆಯವನಿಗೂ ಹೊಂದಬೇಕು ಅನ್ನುವ ಈ ಪಾಠ ಮುಂದೆ ಅವರ ಸ್ಕ್ರೂ ಕೆಲಸದಲ್ಲೂ ಕಾಣುತ್ತೆ.

ಲಂಡನ್ನಿನಲ್ಲಿ ಜೋಸೆಫ್ ಕ್ಲೆಮೆಂಟ್ ಹತ್ತಿರವೂ ಅವರು ಕೆಲಸ ಮಾಡಿದರು. ಚಾರ್ಲ್ಸ್ ಬ್ಯಾಬೇಜ್ ಅವರ ಡಿಫರೆನ್ಸ್ ಎಂಜಿನ್ನಿನ ಭಾಗಗಳು ತಯಾರಾಗುತ್ತಿದ್ದದ್ದು ಅಲ್ಲೇ. ಕಂಪ್ಯೂಟರ್ ಸೈನ್ಸ್‌ನವರು ಇದು ಮೆಕ್ಯಾನಿಕಲ್‌ನವರ ಲೇಖನ ಅಂತ ಪುಟ ಮಗುಚಬೇಡಿ! 1833ರಲ್ಲಿ ಮ್ಯಾಂಚೆಸ್ಟರ್‌ಗೆ ವಾಪಸ್ ಬಂದು, ಚೋರ್ಲ್‌ಟನ್ ಬೀದಿಯಲ್ಲಿ ಒಂದು ಜಾಗ ಹಿಡಿದು, ಲಂಡನ್ನಿನಿಂದ ಬಂದ ಟೂಲ್ ತಯಾರಕ ಅಂತ ಬೋರ್ಡು ಹಾಕಿದರು. ಲೇತ್, ಪ್ಲೇನರ್, ಡ್ರಿಲ್ಲಿಂಗ್ ಮಷೀನುಗಳಿಗೆ ಬಹುಬೇಗ ಹೆಸರು ಬಂತು.

ಊರಿಗೊಂದು ಥ್ರೆಡ್ಡು

ಆಗಿನ ಪರಿಸ್ಥಿತಿ ಹೇಗಿತ್ತು ಅಂದರೆ ಪ್ರತಿ ವರ್ಕ್‌ಶಾಪಿಗೂ ಅದರದೇ ಥ್ರೆಡ್. ಅರ್ಧ ಇಂಚಿನ ಬೋಲ್ಟಿಗೆ ಒಬ್ಬರು ಇಷ್ಟು ಸುತ್ತು ಹಾಕಿದರೆ ಪಕ್ಕದವರು ಇನ್ನೆಷ್ಟೋ ಹಾಕುತ್ತಿದ್ದರು. ಒಂದು ನಟ್ಟಿಗೆ ಅದರ ಜೋಡಿ ಬೋಲ್ಟೇ ಬೇಕು. ಬಿಚ್ಚಿದಾಗ ಜೋಡಿ ತಪ್ಪದಂತೆ ಗುರುತು ಮಾಡಿ ಇಡಬೇಕು. ಒಂದು ಕಳೆದರೆ ಎರಡೂ ಹೊಸದಾಗಿ ಮಾಡಬೇಕು.

ಇದನ್ನು ಅರ್ಥ ಮಾಡಿಕೊಳ್ಳೋಕೆ ನಾವು ಹಂಪಿಗೆ ಹೋದರೆ ಸಾಕು. ಮಹಾನವಮಿ ದಿಬ್ಬದ ಹತ್ತಿರ ಉತ್ಖನನದಲ್ಲಿ ಸಿಕ್ಕ ಮೆಟ್ಟಿಲು ಪುಷ್ಕರಣಿ ಎಲ್ಲರೂ ನೋಡಿರ್ತೀರಿ. ಅದರ ಕಪ್ಪು ಕಲ್ಲುಗಳ ಮೇಲೆ ಅಕ್ಷರ ಮತ್ತು ಅಂಕಿಯ ಗುರುತುಗಳಿವೆ. ಯಾವ ದಿಕ್ಕು, ಯಾವ ಸಾಲು, ಯಾವ ಸ್ಥಾನ ಅಂತ ಕಲ್ಲೇ ಹೇಳುತ್ತೆ. ಕಲ್ಲನ್ನು ಮೊದಲೇ ಕಡೆದು ತಂದು ಇಲ್ಲಿ ಜೋಡಿಸಿದ್ದಾರೆ. ಅದ್ಭುತ ಪ್ಲಾನಿಂಗ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಪ್ರತಿ ಕಲ್ಲಿಗೂ ಒಂದೇ ಜಾಗ. ಈ ಕಲ್ಲು ಒಡೆದರೆ ಆ ಕಲ್ಲು ತಂದು ಹಾಕೋಕೆ ಆಗಲ್ಲ. ಒಂದು ಪುಷ್ಕರಣಿಗೆ ಅದು ಸಾಕು. ಸಾವಿರಾರು ಎಂಜಿನ್ನುಗಳು ಊರೂರು ಓಡಾಡುವ ಕಾಲಕ್ಕೆ ಅದು ಸಾಕಾಗಲ್ಲ. ಬೋಲ್ಟಿನ ಮೇಲೆ ಗುರುತು ಬೇಡ, ಯಾವ ಬೋಲ್ಟಾದರೂ ಯಾವ ನಟ್ಟಿಗಾದರೂ ಕೂರಬೇಕು.

1841ರಲ್ಲಿ ವಿಟ್‌ವರ್ತ್ ಲಂಡನ್ನಿನ ಇನ್ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್ ಮುಂದೆ ಸ್ಕ್ರೂ ಥ್ರೆಡ್‌ಗಳಿಗೆ ಒಂದೇ ಪದ್ಧತಿ ಬೇಕು ಅಂತ ಪ್ರಬಂಧ ಮಂಡಿಸಿದರು. ಅವರು ಮಾಡಿದ ರೀತಿ ನಮಗೆ ತುಂಬಾ ಇಷ್ಟ ಆಯಿತು. ಮೇಜಿನ ಮುಂದೆ ಕೂತು ಅತಿ ಶ್ರೇಷ್ಠ ಥ್ರೆಡ್ ಯಾವುದು ಅಂತ ಫಾರ್ಮುಲಾ ಹುಡುಕಲಿಲ್ಲ. ಇಂಗ್ಲೆಂಡಿನ ಮುಖ್ಯ ವರ್ಕ್‌ಶಾಪುಗಳಿಂದ ಬೋಲ್ಟುಗಳನ್ನು ತರಿಸಿಕೊಂಡು ಅಳೆದರು. ಎಲ್ಲದರ ನಡುವಿನ ಬೆಲೆ ತೆಗೆದರು. ಕೋನ 55 ಡಿಗ್ರಿ ಅಂತ ನಿಂತಿತು. ಕಾಲು ಇಂಚಿನ ಬೋಲ್ಟಿಗೆ ಇಂಚಿಗೆ 20 ಸುತ್ತು, ಅರ್ಧ ಇಂಚಿಗೆ 12, ಒಂದು ಇಂಚಿಗೆ 8. ಥ್ರೆಡ್ಡಿನ ತುದಿ ಮತ್ತು ಬುಡ ದುಂಡಗಿರಬೇಕು.

ಸರಾಸರಿ ಯಾಕೆ? ಸರಾಸರಿ ತೆಗೆದರೆ ಯಾರೂ ಪೂರ್ತಿ ಸೋತಂತೆ ಆಗಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಬದಲಾದರೆ ಸಾಕು. ಹಾಗಾಗಿ ರೈಲ್ವೆ ಕಂಪನಿಗಳು ಒಪ್ಪಿಕೊಂಡವು, ಹಡಗು ಕಟ್ಟುವವರು ಒಪ್ಪಿಕೊಂಡರು. ಇಪ್ಪತ್ತು ವರ್ಷದೊಳಗೆ ಬ್ರಿಟನ್ನಿನಲ್ಲಿ ಅದು ಬಹುಪಾಲು ಎಲ್ಲ ಕಡೆ ಬಳಕೆಗೆ ಬಂತು. ಬ್ರಿಟಿಷ್ ರೈಲು, ಪಂಪು, ಯಂತ್ರಗಳ ಜೊತೆ ಅದೇ ಥ್ರೆಡ್ ನಮ್ಮ ದೇಶಕ್ಕೂ ಬಂತು.

ಕ್ರಿಮಿಯನ್ ಯುದ್ಧದ ಹೊತ್ತಿಗೆ ಇದರ ಬೆಲೆ ಏನು ಅಂತ ಗೊತ್ತಾಯಿತು. ಬ್ರಿಟಿಷ್ ನೌಕಾಪಡೆಗೆ ಗನ್‌ಬೋಟುಗಳ ಎಂಜಿನ್ ತುರ್ತಾಗಿ ಬೇಕಿತ್ತು. ಒಂದೇ ಕಾರ್ಖಾನೆಯಿಂದ ಆಗದ ಕೆಲಸ. ಗ್ರೀನಿಚ್‌ನ ಎಂಜಿನಿಯರ್ ಜಾನ್ ಪೆನ್ ಮಾದರಿ ಎಂಜಿನ್ನಿನ ಭಾಗಗಳನ್ನು ಬಿಚ್ಚಿ ಬೇರೆ ಬೇರೆ ವರ್ಕ್‌ಶಾಪುಗಳಿಗೆ ಹಂಚಿದರು. ಎಲ್ಲರೂ ವಿಟ್‌ವರ್ತ್ ಅಳತೆಯಲ್ಲೇ ಮಾಡಿದ್ದರಿಂದ ಬಂದ ಭಾಗಗಳು ನೇರವಾಗಿ ಕೂತವು.

ನಮ್ಮ ಊರಿನವರಿಗೆ ಇದು ದೂರದ ಕಥೆ ಅಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಸಂಪ್‌ನ ಡ್ರೈನ್ ಪ್ಲಗ್ ಕಿತ್ತು ಹೋದಂತೆ, ಆದರೆ ಇಲ್ಲಿ ಹರಿದುಹೋಗುತ್ತಿದ್ದದ್ದು ರೈತರ ಒಂದು ವರ್ಷದ ನೀರು. ಆಗ ಸ್ಟಾಪ್‌ಲಾಗ್ ತುಂಡುಗಳನ್ನು ಬೇರೆ ಬೇರೆ ಕಾರ್ಖಾನೆಗಳಲ್ಲಿ ಮಾಡಿಸಿ ತಂದು, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ ಹರಿವು ನಿಲ್ಲಿಸಿದರು. ಬೇರೆ ಬೇರೆ ಕಡೆ ಮಾಡಿದ ತುಂಡುಗಳು ಒಂದೇ ಗಾಡಿಯಲ್ಲಿ ಕೂರಬೇಕು. ಅಳತೆ ಒಂದೇ ಅನ್ನುವ ನಂಬಿಕೆ ಇಲ್ಲದಿದ್ದರೆ ಅಂಥ ಕೆಲಸಕ್ಕೆ ಕೈ ಹಾಕೋಕೇ ಆಗಲ್ಲ.

ಹತ್ತು ಲಕ್ಷದಲ್ಲಿ ಒಂದು ಭಾಗ

1851ರ ಲಂಡನ್ ಮಹಾ ವಸ್ತುಪ್ರದರ್ಶನದಲ್ಲಿ ವಿಟ್‌ವರ್ತ್ ತಮ್ಮ ಅಳತೆ ಯಂತ್ರ ಇಟ್ಟರು. ಇಂಚಿನ ಹತ್ತು ಲಕ್ಷದಲ್ಲಿ ಒಂದು ಭಾಗದ ವ್ಯತ್ಯಾಸ ಅದರಲ್ಲಿ ಗೊತ್ತಾಗುತ್ತಿತ್ತು. ಲೆಕ್ಕ ನಮ್ಮ ಮಟ್ಟದ್ದೇ. ಇಂಚಿಗೆ 20 ಸುತ್ತಿರುವ ಸ್ಕ್ರೂ, ಅದಕ್ಕೆ 200 ಹಲ್ಲಿನ ಚಕ್ರ, ಆ ಚಕ್ರ ತಿರುಗಿಸುವ ವರ್ಮ್‌ನ ಡ್ರಮ್ ಮೇಲೆ 250 ಗೆರೆ. 20ನ್ನು 200ರಿಂದ, ಮತ್ತೆ 250ರಿಂದ ಗುಣಿಸಿದರೆ ಹತ್ತು ಲಕ್ಷ. ಅಳೆಯುವ ವಸ್ತುವಿನ ಪಕ್ಕ ಒಂದು ತೆಳು ಲೋಹದ ತುಂಡು ಇಡುತ್ತಿದ್ದರು. ಸ್ಕ್ರೂ ಒಂದು ಗೆರೆ ಬಿಗಿಯಾದರೆ ಆ ತುಂಡು ಹಿಡಿದು ನಿಲ್ಲುತ್ತೆ, ಒಂದು ಗೆರೆ ಸಡಿಲವಾದರೆ ಕೆಳಗೆ ಜಾರುತ್ತೆ. ಕಣ್ಣಿಗಿಂತ ಸ್ಪರ್ಶ ಹೆಚ್ಚು ನಂಬಿಕೆಯದ್ದು ಅನ್ನೋದು ಅವರ ವಾದ.

ಡ್ರೈನ್ ಪ್ಲಗ್ ಹಾಕುವಾಗಲೂ ಸ್ಪರ್ಶವೇ ಮೊದಲು. ಹಲವು ಕಾರುಗಳಲ್ಲಿ ಪ್ಲಗ್ಗು 14 ಮಿಲಿಮೀಟರ್ ಅಗಲ, 1.5 ಮಿಲಿಮೀಟರ್ ಪಿಚ್. ಕೆಲವದರಲ್ಲಿ 12 ಮಿಲಿಮೀಟರ್, ಪಿಚ್ 1.25. ಈಗ 1.25ರ ತೂತಿಗೆ ಅದೇ ಅಗಲದ 1.5 ಪಿಚ್ಚಿನ ಪ್ಲಗ್ ಹಾಕಿದರೆ ಏನಾಗುತ್ತೆ ಲೆಕ್ಕ ಹಾಕಿ. ಸುತ್ತಿಗೆ 0.25 ಮಿಲಿಮೀಟರ್ ವ್ಯತ್ಯಾಸ. ನಾಲ್ಕು ಸುತ್ತಿಗೆ ಪೂರಾ 1 ಮಿಲಿಮೀಟರ್. ಮೊದಲ ಒಂದೆರಡು ಸುತ್ತು ಸಡಿಲಿಕೆಯಲ್ಲಿ ಹೋಗಿಬಿಡುತ್ತೆ, ಆಮೇಲೆ ಬಿಗಿ. ಆಗ ಉದ್ದ ಹಿಡಿಯ ಪಾನಾ ತಂದು ತಿರುಗಿಸಿದರೆ ಸ್ಟೀಲ್ ಪ್ಲಗ್ಗಿಗೆ ಏನೂ ಆಗಲ್ಲ, ಮೆತ್ತಗಿನ ಅಲ್ಯೂಮಿನಿಯಂ ಸಂಪ್ ಕೊಯ್ದುಹೋಗುತ್ತೆ. ಹಾಗಾಗಿ ಪ್ಲಗ್ಗನ್ನು ಮೊದಲು ಬೆರಳಿನಲ್ಲೇ ಹತ್ತಿಸಬೇಕು. ಸ್ವಲ್ಪ ಹಿಂದಕ್ಕೆ ತಿರುಗಿಸಿ, ಥ್ರೆಡ್ ಟಕ್ ಅಂತ ಕೂತದ್ದು ತಿಳಿದ ಮೇಲೆ ಮುಂದಕ್ಕೆ. ಕೊನೆವರೆಗೂ ಬೆರಳಿಗೆ ಹೋಗಬೇಕು. ಆಮೇಲೆ ಹೊಸ ವಾಷರ್ ಇಟ್ಟು ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ ಬಿಗಿ ಮಾಡಬೇಕು. ಸೋರಿಕೆ ತಡೆಯೋದು ವಾಷರ್ ಕೆಲಸ. ಹಳೆ ವಾಷರ್ ಹಾಕಿ, ಸೋರ್ತಾ ಐತೆ ಅಂತ ಇನ್ನೂ ಬಿಗಿ ಮಾಡೋದೇ ಥ್ರೆಡ್ ಹಾಳಾಗೋ ಮುಖ್ಯ ದಾರಿ.

ಬಂದೂಕು ಮತ್ತು ಹಟ

ವಿಟ್‌ವರ್ತ್ ಎಲ್ಲ ವಿಷಯದಲ್ಲೂ ಹೊಂದಿಕೊಳ್ಳುವ ಮನುಷ್ಯ ಆಗಿರಲಿಲ್ಲ. ಸರ್ಕಾರ ಕೇಳಿತು ಅಂತ ಬಂದೂಕಿನ ಕೆಲಸಕ್ಕೆ ಇಳಿದು ಆರು ಮೂಲೆಯ ಕೊಳವೆ ಇರುವ ರೈಫಲ್ ಮಾಡಿದರು. 1857ರ ಪರೀಕ್ಷೆಯಲ್ಲಿ ಅದು ಸೈನ್ಯದ ಎನ್‌ಫೀಲ್ಡ್ ರೈಫಲಿಗಿಂತ ಬಹಳ ನಿಖರವಾಗಿತ್ತು. 1860ರಲ್ಲಿ ವಿಂಬಲ್ಡನ್ನಿನ ಸ್ಪರ್ಧೆಯನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದ್ದು ವಿಟ್‌ವರ್ತ್ ರೈಫಲಿನಿಂದ ಗುಂಡು ಹಾರಿಸಿ. ಆದರೂ ಸೈನ್ಯ ಅದನ್ನು ತೆಗೆದುಕೊಳ್ಳಲಿಲ್ಲ. ಸಣ್ಣ ಕೊಳವೆಯಲ್ಲಿ ಮಸಿ ಕಟ್ಟುತ್ತೆ, ಬೆಲೆ ಜಾಸ್ತಿ ಅನ್ನೋ ಕಾರಣಗಳು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಗುರಿಕಾರರ ಕೈಯಲ್ಲಿ ಅದು ಕೆಲಸ ಮಾಡಿತು. ಸ್ಕ್ರೂ ವಿಷಯದಲ್ಲಿ ಎಲ್ಲರ ಬೋಲ್ಟು ತರಿಸಿ ಸರಾಸರಿ ತೆಗೆದವರು, ಬಂದೂಕಿನ ವಿಷಯದಲ್ಲಿ ತಮ್ಮ ಆರು ಮೂಲೆಯೇ ಸರಿ ಅಂತ ನಿಂತರು. ಯಾವುದು ಉಳಿಯಿತು ಅನ್ನೋದು ನಮಗೆ ಗೊತ್ತು: ರೈಫಲ್ ಮ್ಯೂಸಿಯಮ್ಮಿನಲ್ಲಿದೆ, ಥ್ರೆಡ್ ನಲ್ಲಿಯಲ್ಲಿದೆ.

ನಲ್ಲಿ ಅಂದಿದ್ದಕ್ಕೆ ಕಾರಣ ಇದೆ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ, ಮಾಡೋಕೆ ಸುಲಭವಾದ ಬೇರೆ ಥ್ರೆಡ್ ಸೂಚಿಸಿದರು. ಅರ್ಧ ಇಂಚಿಗೆ ಇವರದು 12 ಸುತ್ತು, ಅಮೆರಿಕದ್ದು 13. ಎರಡನೇ ಮಹಾಯುದ್ಧದಲ್ಲಿ ಮಿತ್ರ ದೇಶಗಳ ಬೋಲ್ಟುಗಳು ಒಂದಕ್ಕೊಂದು ಕೂರದೆ ಬಹಳ ತೊಂದರೆ ಆಯಿತು. 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ 60 ಡಿಗ್ರಿಗೆ ಒಪ್ಪಿದವು. ಇವತ್ತಿನ ಐಎಸ್ಒ ಮೆಟ್ರಿಕ್ ಥ್ರೆಡ್ ಕೂಡ 60 ಡಿಗ್ರಿಯದೇ, ನಮ್ಮ ಕಾರಿನ ಡ್ರೈನ್ ಪ್ಲಗ್ ಅದೇ. ಆದರೆ ನೀರಿನ ಪೈಪುಗಳಲ್ಲಿ 55 ಡಿಗ್ರಿ ಹಾಗೇ ಉಳಿಯಿತು. ಹಾಸ್ಟೆಲಿನ ಬಾತ್‌ರೂಮಿನ ಅರ್ಧ ಇಂಚಿನ ನಲ್ಲಿಯಲ್ಲಿ ಇಂಚಿಗೆ 14 ಸುತ್ತಿನ ವಿಟ್‌ವರ್ತ್ ಆಕಾರದ ಥ್ರೆಡ್ಡೇ ಇರುತ್ತೆ.

ಅಜ್ಜನ ಕಾಲದ ಪಾನಾ ಪೆಟ್ಟಿಗೆ ಮನೆಯಲ್ಲಿದ್ದರೆ ಒಂದು ಎಚ್ಚರಿಕೆ. ವಿಟ್‌ವರ್ತ್ ಪಾನಾ ಮೇಲೆ ಬರೆದಿರೋದು ಬೋಲ್ಟಿನ ಅಗಲ, ತಲೆಯ ಅಗಲ ಅಲ್ಲ. ಮುಕ್ಕಾಲಿನ ಅರ್ಧ, ಅಂದರೆ ಎಂಟರಲ್ಲಿ ಮೂರು ಭಾಗ ಇಂಚು ಅಂತ ಬರೆದಿರುವ ಪಾನಾದ ಬಾಯಿ ಸುಮಾರು 18 ಮಿಲಿಮೀಟರ್. ಅದನ್ನು 17 ಮಿಲಿಮೀಟರ್ ತಲೆಯ ಪ್ಲಗ್ಗಿಗೆ ಹಾಕಿದರೆ ಹಿಡಿದಂತೆ ಅನ್ನಿಸುತ್ತೆ, ಬಲ ಬಿದ್ದ ತಕ್ಷಣ ಮೂಲೆಗಳನ್ನು ಕೆರೆದು ಜಾರುತ್ತೆ. ಆರು ಮೂಲೆಯ ಸರಿಯಾದ ಸಾಕೆಟ್ಟೇ ಬಳಸಿ.

ಥ್ರೆಡ್ ಈಗಾಗಲೇ ಹೋಗಿದ್ದರೆ? ಟೆಫ್ಲಾನ್ ಟೇಪ್ ಸುತ್ತೋದು ರಿಪೇರಿ ಅಲ್ಲ. ಸ್ವಲ್ಪ ದೊಡ್ಡ ಅಳತೆಯ, ತಾನೇ ಥ್ರೆಡ್ ಕೊರೆದುಕೊಳ್ಳುವ ಪ್ಲಗ್ ಸಿಗುತ್ತೆ. ಅದು ತಾತ್ಕಾಲಿಕ, ಮುಂದೆ ಕೆಲಸ ಇನ್ನೂ ಕಷ್ಟ ಮಾಡುತ್ತೆ. ಸರಿಯಾದ ದಾರಿ ಅಂದರೆ ತೂತನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಸ್ಟೀಲ್ ಇನ್ಸರ್ಟ್ ಕೂರಿಸಿ ಮೂಲ ಅಳತೆಗೇ ವಾಪಸ್ ತರುವುದು, ಇಲ್ಲವೇ ಸಂಪ್ ಬದಲಾಯಿಸುವುದು. ಕೊರೆದ ಚೂರು ಎಂಜಿನ್ ಒಳಗೆ ಉಳಿಯಬಾರದು. ಮೂಲ ಅಳತೆಗೆ ತಂದರೆ ಮುಂದೆ ಆ ಕಾರಿನ ಕೆಳಗೆ ಮಲಗುವ ಯಾರಿಗಾದರೂ ಅಂಗಡಿಯ ಪ್ಲಗ್ ಕೂರುತ್ತೆ. ದೊಡ್ಡ ಪ್ಲಗ್ ಹಾಕಿದರೆ ಆ ಕಾರು ಮತ್ತೆ 1841ಕ್ಕಿಂತ ಹಿಂದಿನ ಕಾಲಕ್ಕೆ ಹೋದ ಹಾಗೆ, ಅದರ ಬೋಲ್ಟು ಅದಕ್ಕೆ ಮಾತ್ರ. ಇಳಿಸಿದ ಹಳೆ ಆಯಿಲ್ಲನ್ನು ಕಾಲುವೆಗೆ, ಚರಂಡಿಗೆ ಸುರಿಯದೆ ಡಬ್ಬದಲ್ಲಿ ತುಂಬಿ ಹಳೆ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ.

ಕೊನೆಯ ವರ್ಷಗಳು

ವಿಟ್‌ವರ್ತ್ ಬಹಳ ದುಡ್ಡು ಮಾಡಿದರು. ಮಕ್ಕಳಿರಲಿಲ್ಲ. 1868ರಲ್ಲಿ ಎಂಜಿನಿಯರಿಂಗ್ ಕಲಿಯುವ ಹುಡುಗರಿಗೆ ಸ್ಕಾಲರ್‌ಶಿಪ್ ಶುರು ಮಾಡಿದರು. ಪುಸ್ತಕದ ಓದು ಮತ್ತು ಕೈಕೆಲಸ ಎರಡೂ ಗೊತ್ತಿರಬೇಕು ಅನ್ನೋದು ಅದರ ಉದ್ದೇಶ. ಮಾವನ ಮಿಲ್ಲಿನಲ್ಲಿ ಕಲಿತ ಹುಡುಗನಿಗೆ ಬರೀ ಥಿಯರಿಯ ಮೇಲಾಗಲೀ ಬರೀ ರೂಢಿಯ ಮೇಲಾಗಲೀ ನಂಬಿಕೆ ಇರಲಿಲ್ಲ. ಆ ಸ್ಕಾಲರ್‌ಶಿಪ್ ಬ್ರಿಟನ್ನಿನಲ್ಲಿ ಇವತ್ತಿಗೂ ಕೊಡ್ತಾ ಇದ್ದಾರೆ. 1869ರಲ್ಲಿ ಬ್ಯಾರೊನೆಟ್ ಪದವಿ ಬಂತು. 1870ರಲ್ಲಿ ಫ್ಯಾನಿ ತೀರಿಕೊಂಡರು, ಮರುವರ್ಷ ಮೇರಿ ಲೂಯಿಸಾ ಅವರನ್ನು ಮದುವೆಯಾದರು. ಆರೋಗ್ಯ ಕೆಟ್ಟು ಚಳಿಗಾಲ ಕಳೆಯೋಕೆ ಮಾಂಟೆ ಕಾರ್ಲೊಗೆ ಹೋಗಿದ್ದಾಗ 1887ರ ಜನವರಿ 22ರಂದು ತೀರಿಕೊಂಡರು. ಸಮಾಧಿ ಡರ್ಬಿಶೈರ್‌ನ ಡಾರ್ಲೆ ಡೇಲ್‌ನಲ್ಲಿದೆ. ಉಳಿದ ಆಸ್ತಿ ಮ್ಯಾಂಚೆಸ್ಟರಿನ ಆಸ್ಪತ್ರೆ, ಗ್ಯಾಲರಿ, ಶಿಕ್ಷಣ ಸಂಸ್ಥೆಗಳಿಗೆ ಹೋಯಿತು.

ನಮ್ಮ ವರ್ಕ್‌ಶಾಪಿನ ಟೂಲ್ ರೂಮಿನಲ್ಲಿ ಬಾಚಣಿಗೆ ಥರದ ಎಲೆಗಳಿರುವ ಪಿಚ್ ಗೇಜ್ ಕೇಳಿ ನೋಡಿ. ಕೆಲವು ಗೇಜುಗಳ ಮೇಲೆ 55 ಅಂತಲೂ ಕೆಲವದರ ಮೇಲೆ 60 ಅಂತಲೂ ಬರೆದಿರುತ್ತೆ. ರಜೆಗೆ ಸಂಡೂರು, ಕಂಪ್ಲಿ, ಕಮಲಾಪುರ ಕಡೆ ಹೋಗುವವರು ಒಂದು ಹಳೆ ನಲ್ಲಿ, ಒಂದು ಡ್ರೈನ್ ಪ್ಲಗ್ ತಂದರೆ ಸಾಕು, ಎರಡನ್ನೂ ಗೇಜಿಗೆ ಹಿಡಿದು ಬೆಳಕಿನ ಕಡೆ ನೋಡೋಣ. ಯಾವುದಕ್ಕೆ ಯಾವ ಎಲೆ ಸಂದಿಲ್ಲದೆ ಕೂರುತ್ತೆ ಅಂತ ನೀವೇ ಹೇಳುವಿರಂತೆ.